ಇನ್‌ಫೀಲ್ಡ್: ಬೇಸ್ ತುಳಿದರೆ ಸಾಕಾ, ಓಡುವವನನ್ನೇ ಮುಟ್ಟಬೇಕಾ?

ಬೇಸ್‌ಬಾಲ್‌ನಲ್ಲಿ ಚೆಂಡು ಹೊಡೆದ ಬ್ಯಾಟರ್ ಹೋಮ್‌ನಿಂದ ಹೊರಟು ಫಸ್ಟ್, ಸೆಕೆಂಡ್, ಥರ್ಡ್ ಬೇಸ್‌ಗಳನ್ನು ದಾಟಿ ಮತ್ತೆ ಹೋಮ್‌ಗೆ ಬರಬೇಕು. ಈ ಬೇಸ್‌ಗಳ ಹತ್ತಿರ ನಿಂತು ಚೆಂಡು ಹಿಡಿಯುವ ಇನ್‌ಫೀಲ್ಡರ್‌ಗಳು ನಾಲ್ವರು. ಸ್ಕೋರ್ ಬರೆಯುವಾಗ ಫಸ್ಟ್ ಬೇಸ್‌ಮನ್ 3, ಸೆಕೆಂಡ್ 4, ಥರ್ಡ್ 5, ಶಾರ್ಟ್‌ಸ್ಟಾಪ್ 6. ಶಾರ್ಟ್‌ಸ್ಟಾಪ್ ನಿಲ್ಲುವುದು ಸೆಕೆಂಡ್ ಮತ್ತು ಥರ್ಡ್ ಬೇಸ್‌ಗಳ ನಡುವೆ. ಹಾಗಾಗಿ ಮೈದಾನದಲ್ಲಿ ಸಾಲು 3, 4, 6, 5 ಆಗುತ್ತದೆ. 2023ರಿಂದ ಅಮೆರಿಕದ ಮೇಜರ್ ಲೀಗ್‌ನಲ್ಲಿ ಸೆಕೆಂಡ್ ಬೇಸ್‌ನ ಎರಡೂ ಕಡೆ ಇಬ್ಬಿಬ್ಬರು ನಿಲ್ಲಲೇಬೇಕು.

ನನಗೆ ವಾರಗಟ್ಟಲೆ ತಲೆ ತಿಂದದ್ದು ಒಂದೇ ಪ್ರಶ್ನೆ. ಕೆಲವು ಸಲ ಚೆಂಡು ಹಿಡಿದು ಬೇಸ್ ತುಳಿದರೆ ಔಟ್. ಇನ್ನು ಕೆಲವು ಸಲ ಚೆಂಡಿರುವ ಕೈಯಿಂದ ಓಡುವವನನ್ನೇ ಮುಟ್ಟಬೇಕು. ಯಾಕೆ?

ಒಂದು ಬೇಸ್‌ನಲ್ಲಿ ಒಬ್ಬನಿಗೇ ಜಾಗ. ಚೆಂಡು ನೆಲಕ್ಕೆ ಬಿದ್ದರೆ ಬ್ಯಾಟರ್ ಫಸ್ಟ್‌ಗೆ ಓಡಲೇಬೇಕು. ಅಲ್ಲಿದ್ದವನು ಜಾಗ ಬಿಟ್ಟು ಸೆಕೆಂಡ್‌ಗೆ ಹೋಗಲೇಬೇಕು. ಹೀಗೆ ಬೇರೆ ದಾರಿಯೇ ಇಲ್ಲದವನನ್ನು ಔಟ್ ಮಾಡಲು, ಚೆಂಡು ಹಿಡಿದವನು ಅವನಿಗಿಂತ ಮೊದಲು ಆ ಬೇಸ್ ತುಳಿದರೆ ಸಾಕು. ಇದೇ ಫೋರ್ಸ್ ಔಟ್. ನಾನು ಈಗ ಪ್ರತಿ ಸಲ ಕೇಳಿಕೊಳ್ಳುವುದು ಇಷ್ಟೇ: ಹಿಂದಿನಿಂದ ಯಾರಾದರೂ ಇವನನ್ನು ತಳ್ಳುತ್ತಿದ್ದಾರಾ?

6-4-3 ಡಬಲ್ ಪ್ಲೇ, ಅಂದರೆ ಒಂದೇ ಚೆಂಡಿಗೆ ಎರಡು ಔಟ್, ಇದರಿಂದ ಅರ್ಥವಾಗುವುದು ಸುಲಭವಾಯಿತು. ಫಸ್ಟ್‌ನಲ್ಲಿ ಓಟಗಾರ ಇದ್ದಾನೆ. ಶಾರ್ಟ್‌ಸ್ಟಾಪ್ ಚೆಂಡು ಎತ್ತಿ ಸೆಕೆಂಡ್ ಬೇಸ್‌ಮನ್‌ಗೆ ಕೊಡುತ್ತಾನೆ. ಅವನು ಬೇಸ್ ತುಳಿದು ಫಸ್ಟ್‌ಗೆ ಎಸೆಯುತ್ತಾನೆ. ಎರಡು ಔಟ್, ಯಾರನ್ನೂ ಮುಟ್ಟಲಿಲ್ಲ.

ಈಗ ನಾನು ಎಡವಿದ ಜಾಗ. ಫಸ್ಟ್‌ನಲ್ಲಿ ಒಬ್ಬ ಓಟಗಾರ ಇದ್ದಾನೆ, ನೆಲಕ್ಕೆ ಬಿದ್ದ ಚೆಂಡು ಉರುಳುತ್ತಾ ಫಸ್ಟ್ ಬೇಸ್‌ಮನ್ ಕೈಗೆ ಬಂತು. ಬೇಸ್ ಕಾಲ ಬುಡದಲ್ಲೇ ಇದೆ. ತುಳಿದ, ಬ್ಯಾಟರ್ ಔಟ್. ಆಮೇಲೆ ಸೆಕೆಂಡ್‌ಗೆ ಎಸೆದ. ಅಲ್ಲಿ ಶಾರ್ಟ್‌ಸ್ಟಾಪ್ ಬೇಸ್ ತುಳಿದು ನಿಂತರೆ ಔಟ್ ಅಲ್ವಾ? ಅಲ್ಲ! ಬ್ಯಾಟರ್ ಔಟಾದ ಕ್ಷಣವೇ ತಳ್ಳುವವರು ಯಾರೂ ಇಲ್ಲ. ಓಟಗಾರ ಬೇಕಾದರೆ ಫಸ್ಟ್‌ಗೆ ವಾಪಸ್ ಹೋಗಬಹುದು. ಹಾಗಾಗಿ ಶಾರ್ಟ್‌ಸ್ಟಾಪ್ ಗ್ಲವ್ ಕೆಳಗಿಳಿಸಿ, ಜಾರಿಕೊಂಡು ಬರುವವನ ಕಾಲಿಗೋ ಕೈಗೋ ಮುಟ್ಟಿಸಬೇಕು. ಅದೇ ಚೆಂಡನ್ನು ಮೊದಲು ಸೆಕೆಂಡ್‌ಗೆ ಎಸೆದಿದ್ದರೆ ತುಳಿದರೆ ಸಾಕಿತ್ತು. ಆಟಗಾರರು ಅದೇ, ಬೇಸ್‌ಗಳೂ ಅವೇ. ಯಾವ ಔಟ್ ಮೊದಲು ಅನ್ನುವುದಷ್ಟೇ ಬದಲಾಯಿತು. ಅದಕ್ಕೇ ಫಸ್ಟ್ ತುಳಿದವನು ಎಸೆಯುತ್ತಲೇ "ಟ್ಯಾಗ್!" (ಓಟಗಾರನನ್ನೇ ಮುಟ್ಟು) ಎಂದು ಕೂಗಬೇಕು.

ಥರ್ಡ್ ಬೇಸ್‌ಮನ್‌ಗೆ ಚೆಂಡು ಬಹಳ ಜೋರಾಗಿ ಬರುತ್ತದೆ, ಆ ಮೂಲೆಗೆ ಹಾಟ್ ಕಾರ್ನರ್ ಅಂತಲೇ ಹೆಸರು. ಎಡಗೈಯಲ್ಲಿ ಎಸೆಯುವವರು ಇನ್‌ಫೀಲ್ಡ್‌ನಲ್ಲಿ ಸಾಮಾನ್ಯವಾಗಿ ಫಸ್ಟ್‌ನಲ್ಲೇ ಕಾಣುತ್ತಾರೆ. ಬೇರೆ ಜಾಗದಿಂದ ಫಸ್ಟ್‌ಗೆ ಎಸೆಯಲು ಅವರು ಮೈ ಜಾಸ್ತಿ ತಿರುಗಿಸಬೇಕಾಗುತ್ತದೆ.

ಅಭ್ಯಾಸಕ್ಕೆ ಎರಡು. ಸೆಕೆಂಡ್‌ನಲ್ಲಿ ಮಾತ್ರ ಓಟಗಾರ, ನೆಲದ ಚೆಂಡು, ಅವನು ಥರ್ಡ್‌ಗೆ ಓಡಿದ: ಫಸ್ಟ್ ಖಾಲಿ, ತಳ್ಳುವವರಿಲ್ಲ, ಮುಟ್ಟಲೇಬೇಕು. ಮೂರೂ ಬೇಸ್ ತುಂಬಿವೆ: ಎಲ್ಲರ ಹಿಂದೆಯೂ ಒಬ್ಬ ಇದ್ದಾನೆ, ಹೋಮ್‌ನಲ್ಲಿ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಚೆಂಡು ಹಿಡಿದು ಪ್ಲೇಟ್ (ಹೋಮ್‌ನ ಬೇಸ್) ತುಳಿದರೂ ಥರ್ಡ್‌ನಿಂದ ಬರುವವನು ಔಟ್.