ಕಣ ಸೆರೆ: ಎಣ್ಣೆ ಬಾವಿಗೆ ಬಿಟ್ಟ ನೀರು ಕಲ್ಲಿನೊಳಗೆ ಯಾಕೆ ಕಟ್ಟಿಕೊಳ್ಳುತ್ತದೆ

ಎಣ್ಣೆ ಬಾವಿಯಿಂದ ಎಣ್ಣೆಯ ಜೊತೆಗೆ ನೀರೂ ಮೇಲೆ ಬರುತ್ತದೆ. ಬಾವಿ ಹಳೆಯದಾದಷ್ಟೂ ನೀರಿನ ಪಾಲು ಜಾಸ್ತಿ. ಉಪ್ಪು, ಎಣ್ಣೆ ಹನಿ, ಮಣ್ಣಿನ ಚೂರು ಬೆರೆತ ಈ ನೀರನ್ನು ಸುಮ್ನೆ ಹೊರಗೆ ಚೆಲ್ಲುವ ಹಾಗಿಲ್ಲ. ಸೋಸಿ, ಇಂಜೆಕ್ಷನ್ ಬಾವಿಗಳ ಮೂಲಕ ಮತ್ತೆ ಕೆಳಗಿನ ಕಲ್ಲಿಗೇ ಒತ್ತುತ್ತಾರೆ. ಇದರಿಂದ ನೆಲದೊಳಗಿನ ಒತ್ತಡ ಉಳಿಯುತ್ತದೆ, ಎಣ್ಣೆಯೂ ಮುಂದಕ್ಕೆ ಸರಿಯುತ್ತದೆ. ರಾಜಸ್ಥಾನದ ಬಾಡಮೇರ್ ಬಳಿ 2004ರಲ್ಲಿ ಪತ್ತೆಯಾದ ಮಂಗಲಾ ಕ್ಷೇತ್ರದಲ್ಲೂ ಹೀಗೇ ನೀರು ಒಳಗೆ ಬಿಡುತ್ತಾರೆ. ಅಲ್ಲಿನ ಎಣ್ಣೆಯಲ್ಲಿ ಮೇಣದಂಶ ಹೆಚ್ಚು. ಹಾಗಾಗಿ ನೀರನ್ನು ಬಿಸಿ ಮಾಡಿಯೇ ಬಿಡಬೇಕು.

ಎಷ್ಟೇ ಸೋಸಿದರೂ ನೀರಿನಲ್ಲಿ ಸಣ್ಣ ಕಣಗಳು ಉಳಿದೇ ಇರುತ್ತವೆ. ಮರಳುಗಲ್ಲಿನ ರಂಧ್ರಗಳ ಮೂಲಕ ನೀರು ಮುಂದೆ ಹೋಗುತ್ತದೆ, ಕಣ ಅಲ್ಲೇ ನಿಲ್ಲುತ್ತದೆ. ಇದನ್ನೇ ಕಣ ಸೆರೆ, ಅಂದರೆ ಪಾರ್ಟಿಕಲ್ ಟ್ರ್ಯಾಪಿಂಗ್ ಎನ್ನುತ್ತಾರೆ.

ಕಲ್ಲಿನ ಎರಡು ರಂಧ್ರಗಳ ನಡುವೆ ಕಿರಿದಾದ ದಾರಿ ಇರುತ್ತದೆ. ಅದನ್ನು ಕೊರಳು ಎನ್ನೋಣ. ಕೊರಳಿಗಿಂತ ದಪ್ಪ ಕಣ ಸಿಕ್ಕಿಕೊಳ್ಳುವುದು ಸಹಜ, ಅಲ್ವಾ? ಆದರೆ ಕೊರಳಿಗಿಂತ ಸಣ್ಣ ಕಣಗಳೂ ನಿಲ್ಲುತ್ತವೆ. ಎರಡು ಮೂರು ಕಣ ಒಟ್ಟಿಗೆ ಬಂದರೆ ಬಾಯಿಗೆ ಅಡ್ಡ ಕಮಾನು ಕಟ್ಟುತ್ತವೆ. ಇನ್ನು ಕೆಲವು ರಂಧ್ರದ ಗೋಡೆಗೆ ಅಂಟುತ್ತವೆ. ಜೇಡಿಮಣ್ಣಿನ ಕಣಕ್ಕೂ ಮರಳಿನ ಗೋಡೆಗೂ ಸಾಮಾನ್ಯವಾಗಿ ಋಣ ವಿದ್ಯುದಂಶವೇ ಇರುವುದರಿಂದ ಒಂದನ್ನೊಂದು ದೂಡುತ್ತವೆ. ನೀರು ಉಪ್ಪಾದಷ್ಟೂ ಆ ದೂಡುವ ಬಲ ಕುಗ್ಗಿ, ಕಣ ಗೋಡೆ ಹಿಡಿಯುತ್ತದೆ. ಹಾಗಂತ ಸಿಹಿ ನೀರು ಬಿಟ್ಟರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಮೊದಲಿನಿಂದ ಕಲ್ಲಿಗೆ ಅಂಟಿದ್ದ ಜೇಡಿಯೇ ಬಿಡಿಸಿಕೊಂಡು, ಹರಿದುಹೋಗಿ, ಮುಂದಿನ ಕೊರಳನ್ನು ಮುಚ್ಚಬಹುದು.

ಎಂಜಿನಿಯರುಗಳ ಬಳಿ ಇದಕ್ಕೊಂದು ಅಂದಾಜು ಸೂತ್ರವಿದೆ. ಕೊರಳಿನ ಅಗಲದ ಮೂರನೇ ಒಂದು ಭಾಗಕ್ಕಿಂತ ದಪ್ಪ ಕಣ ಬಾವಿಯ ಗೋಡೆಯ ಮೇಲೇ ಕೂತು ಪದರವಾಗುತ್ತದೆ. ಏಳನೇ ಒಂದು ಭಾಗಕ್ಕಿಂತ ಸಣ್ಣದು ಬಹುಮಟ್ಟಿಗೆ ದಾಟಿಹೋಗುತ್ತದೆ. ನಡುವಿನ ಗಾತ್ರದ್ದು ಒಳಗೆ ನುಗ್ಗಿ ಸಿಕ್ಕಿಬೀಳುತ್ತದೆ. ಕೊರಳು 10 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇದ್ದರೆ, ಸುಮಾರು 1.4ರಿಂದ 3.3 ಮೈಕ್ರಾನ್ ಗಾತ್ರದ ಕಣಗಳೇ ಈ ನಡುವಿನವು. ನನ್ನ ಮಟ್ಟಿಗೆ ಹೆಚ್ಚು ಭಯಪಡಬೇಕಾದದ್ದು ಇವಕ್ಕೇ. ಗೋಡೆಯ ಮೇಲಿನ ಪದರವನ್ನು ಬಾವಿಯಿಂದ ನೀರನ್ನು ಹಿಂದಕ್ಕೆ ಹರಿಸಿ ಬಹಳಷ್ಟು ಕಿತ್ತುಹಾಕಬಹುದು. ಕಲ್ಲಿನೊಳಗೆ ಹೊಕ್ಕದ್ದನ್ನು ಹೊರಗೆ ಎಳೆಯುವುದು ತುಂಬಾ ಕಷ್ಟ.

ಲೀಟರಿಗೆ 5 ಮಿಲಿಗ್ರಾಂ ಕಣ ಎಂದರೆ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. ದಿನಕ್ಕೆ 10,000 ಬ್ಯಾರೆಲ್ ಅಂಥ ನೀರು ಬಿಟ್ಟರೆ ದಿನವೂ ಸುಮಾರು 8 ಕಿಲೋ ಕಣ ಒಳಗೆ ಹೋಗುತ್ತದೆ. ವರ್ಷಕ್ಕೆ ಹತ್ತಿರ ಹತ್ತಿರ 3 ಟನ್! ಅದು ಕೂರುವುದೂ ಹೆಚ್ಚಾಗಿ ಬಾವಿಯ ಪಕ್ಕದಲ್ಲೇ. ನೀರು ಬಾವಿಯಿಂದ ಸುತ್ತಲೂ ಹರಡುವುದರಿಂದ ಒತ್ತಡ ಅಲ್ಲೇ ಜಾಸ್ತಿ ಖರ್ಚಾಗುತ್ತದೆ. 10 ಸೆಂಟಿಮೀಟರ್ ತ್ರಿಜ್ಯದ ಬಾವಿಯಿಂದ ನೀರು 300 ಮೀಟರ್ ಹರಿಯುತ್ತದೆ ಎಂದುಕೊಳ್ಳಿ. ಮೊದಲ ಒಂದು ಮೀಟರಿನೊಳಗೇ ಒತ್ತಡದ ಕಾಲುಭಾಗಕ್ಕೂ ಹೆಚ್ಚು ಮುಗಿದಿರುತ್ತದೆ. ಹಾಗಾಗಿ ಅಲ್ಲಿ ಒಂದಿಷ್ಟು ರಂಧ್ರ ಮುಚ್ಚಿದರೂ ಇಡೀ ಬಾವಿ ಸೊರಗುತ್ತದೆ.

ಈ ಲೆಕ್ಕದ ಮೂಲ ಕುಡಿಯುವ ನೀರಿನಲ್ಲಿದೆ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಕಲ್ಲಿನಲ್ಲಿ ನೀರು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆಯುವ ಡಾರ್ಸಿ ಎಂಬ ಮಾನ ಬಂದದ್ದು ಹೆನ್ರಿ ಡಾರ್ಸಿ ಹೆಸರಿನಿಂದ. ಫ್ರಾನ್ಸಿನ ಡಿಜೋನ್ ಊರಿನ ನೀರು ಸರಬರಾಜಿನ ಬಗ್ಗೆ 1856ರಲ್ಲಿ ಬರೆದಾಗ ಆತ ಮರಳಿನ ಮೂಲಕ ನೀರು ಹರಿಸಿದ ಪ್ರಯೋಗಗಳನ್ನು ಕೊಟ್ಟಿದ್ದ. ಮರಳಿನಲ್ಲಿ ಆಳಕ್ಕೆ ಹೋದಂತೆ ಕಣಗಳು ಹೇಗೆ ಕಡಿಮೆಯಾಗುತ್ತವೆ ಎಂಬ ಸಮೀಕರಣವನ್ನು ಜಪಾನಿನ ಇವಾಸಾಕಿ 1937ರಲ್ಲಿ ಕೊಟ್ಟರು. ಅದೂ ನೀರು ಸೋಸುವ ಮರಳಿನ ಅಧ್ಯಯನದಿಂದಲೇ. ಅಲ್ಲಿ ಬೇಕಾದ ಸೆರೆ, ಇಲ್ಲಿ ಬೇಡವಾದ ಸೆರೆ.

ಕಣಗಳೆಲ್ಲ ಮೇಲಿನಿಂದಲೇ ಬರಬೇಕೆಂದಿಲ್ಲ. ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ, ಅದು ಪೈಪಿನ ಕಬ್ಬಿಣದ ಜೊತೆ ಸೇರಿ ಕಪ್ಪು ಪುಡಿಯಾಗುತ್ತದೆ. ಸಮುದ್ರದ ನೀರನ್ನು ಒಳಗೆ ಬಿಡುವ ಕಡೆ ಅದರ ಸಲ್ಫೇಟ್, ಕಲ್ಲಿನೊಳಗೆ ಮೊದಲೇ ಇರುವ ನೀರಿನ ಬೇರಿಯಂ ಜೊತೆ ಬೆರೆತರೆ ಬೇರಿಯಂ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಇದು ಆ್ಯಸಿಡ್‌ಗೂ ಕರಗುವುದಿಲ್ಲ. ಕಪ್ಪು ಪುಡಿ ಆ್ಯಸಿಡ್‌ಗೆ ಕರಗುತ್ತದೆ. ಆದರೆ ಆಗ ಹೊರಡುವ ಹೈಡ್ರೋಜನ್ ಸಲ್ಫೈಡ್ ಜೀವ ತೆಗೆಯುವ ವಿಷಾನಿಲ.

ಹಾಗಾಗಿ ಮೊದಲೇ ಚೆನ್ನಾಗಿ ಸೋಸುವುದು ಮೇಲು. ಎಣ್ಣೆ ಹನಿ ಹಿಡಿಯಲು ಅಕ್ರೋಟಿನ ಚಿಪ್ಪಿನ ಪುಡಿ ತುಂಬಿದ ಫಿಲ್ಟರುಗಳನ್ನೂ ಬಳಸುತ್ತಾರೆ. ಕೆಲವು ಕಡೆ ಒತ್ತಡ ಏರಿಸಿ ಕಲ್ಲಿನಲ್ಲಿ ಬಿರುಕು ಮೂಡಿಸುತ್ತಾರೆ. ಬಿರುಕಿನ ಗೋಡೆಗಳಲ್ಲಿ ಜಾಗ ಜಾಸ್ತಿ, ಕಣ ಕೂತರೂ ನೀರು ಹೋಗುತ್ತದೆ. ಆದರೆ ಬಿರುಕು ಎಲ್ಲಿಯವರೆಗೆ ಬೆಳೆಯುತ್ತದೆ ಎಂದು ಬಿಡದೆ ಗಮನಿಸಬೇಕು. ಎಣ್ಣೆ ಇರುವ ಕಲ್ಲಿನ ಮೇಲಿರುವ ಬೇರೆ ಕಲ್ಲಿನ ಪದರವನ್ನು ಅದು ಸೀಳಿದರೆ ನೀರು ಎಣ್ಣೆಯನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ.