ಚಂದ್ರನ ಮೇಲೊಂದು ಬಿರಿದ ನೆಲ: ಗ್ಯಾಸೆಂಡಿ ಕುಳಿಗೆ ಹೆಸರು ಬಂದ ಬಗೆ

ಬೇಸಿಗೆಯಲ್ಲಿ ಬಳ್ಳಾರಿ ಸುತ್ತಲಿನ ಎರೆಹೊಲಕ್ಕೆ ಹೋದರೆ ಬಿರುಕು ನೋಡಿಕೊಂಡೇ ಕಾಲಿಡಬೇಕು. ಚಂದ್ರನ ಗ್ಯಾಸೆಂಡಿ ಕುಳಿಯ ಚಿತ್ರ ನೋಡಿದಾಗ ನನಗೆ ಮೊದಲು ನೆನಪಾಗಿದ್ದು ಅದೇ. ಸುಮಾರು 110 ಕಿ.ಮೀ. ಅಗಲ, ತಳದ ತುಂಬ ಸೀಳು. ಆದರೆ ಕಾರಣ ಪೂರ್ತಿ ಉಲ್ಟಾ. ಎರೆ ಬಿರಿಯುವುದು ನೀರಾರಿ ಕುಗ್ಗಿದಾಗ. ಗ್ಯಾಸೆಂಡಿ ಬಿರಿದದ್ದು ಉಬ್ಬಿದ್ದಕ್ಕೆ.

ಬಾಹ್ಯಾಕಾಶದಿಂದ ಬಂದ ಬಂಡೆ ಬಡಿದು ಕುಳಿ ಆಯಿತು. ಕೆಳಗಿನ ಕಲ್ಲೆಲ್ಲ ಒಡೆದು ಸಡಿಲವಾಯಿತು. ಆಮೇಲೆ ಆಳದಿಂದ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಏರಿ ಬಂತು. ಪೂರ್ತಿ ಹೊರಗೆ ಬರಲಾಗದೆ ತಳದಡಿಯಲ್ಲೇ ಅಡ್ಡ ಹರಡಿ ನೆಲವನ್ನು ಎತ್ತಿತು. ಜಿಗಿ ಇಲ್ಲದ ಹಿಟ್ಟಿನ ಜೋಳದ ರೊಟ್ಟಿ ಹಂಚಿನ ಮೇಲೆ ಬಿರಿಯುತ್ತಲ್ಲ, ಹೆಚ್ಚುಕಡಿಮೆ ಹಾಗೆ. ಕುಳಿಯ ತಳ ತಾನೇ ನಿಧಾನಕ್ಕೆ ಮೇಲೆದ್ದಿತು ಎಂಬ ವಾದವೂ ಇತ್ತು. ಈಗ ಶಿಲಾಪಾಕದ ವಾದಕ್ಕೇ ತೂಕ ಜಾಸ್ತಿ. ಚಂದ್ರನಲ್ಲಿ ಇಂಥ ಕುಳಿಗಳು ಸುಮಾರು 170 ಇವೆ. ಅಮೆರಿಕದ ಅಪೊಲೊ 17 ನೌಕೆ ಇಳಿಯಲು ಕೊನೆಗೆ ಉಳಿದ ಮೂರು ಜಾಗಗಳಲ್ಲಿ ಗ್ಯಾಸೆಂಡಿಯೂ ಒಂದಾಗಿತ್ತು. ಆದರೆ 1972ರಲ್ಲಿ ಅದು ಇಳಿದದ್ದು ಟಾರಸ್-ಲಿಟ್ರೋ ಕಣಿವೆಯಲ್ಲಿ.

ಇನ್ನು ಹೆಸರು. 1645ರಲ್ಲಿ ಖಗೋಳಜ್ಞ ಲ್ಯಾಂಗ್ರೆನಸ್ ತನ್ನ ಚಂದ್ರನಕ್ಷೆಯಲ್ಲಿ ರಾಜರು, ಶ್ರೀಮಂತರು, ವಿದ್ವಾಂಸರ ಹೆಸರುಗಳನ್ನು ತುಂಬಿದ. 1647ರಲ್ಲಿ ಇನ್ನೊಬ್ಬ ಖಗೋಳಜ್ಞ ಹೆವೀಲಿಯಸ್ ಭೂಮಿಯ ಬೆಟ್ಟಗಳ ಹೆಸರು ಕೊಟ್ಟ. ಬಹುಪಾಲು ನಿಂತದ್ದು ಮಾತ್ರ 1651ರಲ್ಲಿ ಇಟಲಿಯ ಪಾದ್ರಿ ರಿಚ್ಚೋಲಿ ಇಟ್ಟ ಹೆಸರುಗಳು. ನಕ್ಷೆ ಬರೆದದ್ದು ಅವರ ಜೊತೆಗಾರ ಗ್ರಿಮಾಲ್ಡಿ. ಆ ಹೆಸರುಗಳಲ್ಲೊಂದು ಗ್ಯಾಸೆಂಡಿ. ಪಿಯೆರ್ ಗ್ಯಾಸೆಂಡಿ ಫ್ರಾನ್ಸಿನವರು, ಅವರೂ ಪಾದ್ರಿಯೇ. 1631ರ ನವೆಂಬರ್ 7ರಂದು ಬುಧ ಗ್ರಹ ಸೂರ್ಯನ ಮುಂದೆ ಹಾದುಹೋಗಿದ್ದನ್ನು ಪ್ಯಾರಿಸ್ಸಿನಲ್ಲಿ ನೋಡಿದವರು. ಅದನ್ನು ಮೊದಲೇ ಲೆಕ್ಕಹಾಕಿ ಹೇಳಿದ್ದ ಖಗೋಳಜ್ಞ ಕೆಪ್ಲರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಚಂದ್ರನ ಮೇಲೆ ಹೆಸರು ಬಂದಾಗ ಗ್ಯಾಸೆಂಡಿ ಇನ್ನೂ ಬದುಕಿದ್ದರು. ಈಗಿನ ನಿಯಮದಲ್ಲಾದರೆ ಸತ್ತು 3 ವರ್ಷವಾದರೂ ಆಗಿರಬೇಕು.

2014ರಲ್ಲಿ ಸರಕಾರ ಇಂಗ್ಲಿಷಿನ ಬೆಲ್ಲಾರಿಯನ್ನು ಬಳ್ಳಾರಿ ಮಾಡಿತು. ನಾವೇನೋ ಮೊದಲಿಂದಲೂ ಹಾಗೇ ಕರೆಯುತ್ತಿದ್ದೆವು. ಚಂದ್ರನಲ್ಲಿ ಕರೆಯಲು ಊರವರೇ ಇಲ್ಲ, ನಕ್ಷೆಯಲ್ಲಿ ಉಳಿದದ್ದೇ ಹೆಸರು. ಗ್ಯಾಸೆಂಡಿಯ ಅಂಚಿನ ಸಣ್ಣ ಕುಳಿಗೆ ಕೆಲವು ಹಳೇ ನಕ್ಷೆಗಳಲ್ಲಿ ಕ್ಲಾರ್ಕ್‌ಸನ್ ಎಂದಿತ್ತು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಪ್ಪಲಿಲ್ಲ. ಅದು ಇವತ್ತಿಗೂ ಬರೀ 'ಗ್ಯಾಸೆಂಡಿ ಎ'.

ಶುಕ್ಲ ಏಕಾದಶಿ ಹೊತ್ತಿಗೆ ಅಲ್ಲಿ ಬೆಳಗಾಗುತ್ತದೆ. ಮಾಳಿಗೆ ಹತ್ತಿ ಸಣ್ಣ ಟೆಲಿಸ್ಕೋಪ್ ಹಿಡಿದರೆ ಎರಡೂ ಕುಳಿಗಳು ಸೇರಿ ಹರಳಿನುಂಗುರದಂತೆ ಕಾಣುತ್ತವೆ.