ಜನವರಿಯಲ್ಲಿ ಬರುವ ಹಳೇ ಕ್ರಿಸ್‌ಮಸ್: 11, 12, 13ರ ಲೆಕ್ಕ

ಯುರೋಪಿನ ಇತಿಹಾಸ ಓದುವಾಗ ‘ಹಳೇ ಕ್ರಿಸ್‌ಮಸ್’, ಅಂದರೆ ಹಳೇ ಕ್ಯಾಲೆಂಡರಿನ ಡಿಸೆಂಬರ್ 25, ಅನ್ನುವ ಮಾತು ಸಿಗುತ್ತದೆ. ಒಂದು ಕಡೆ ಅದು ಜನವರಿ 5, ಇನ್ನೊಂದು ಕಡೆ 6, ಮತ್ತೊಂದು ಕಡೆ 7. ಯಾವುದೋ ಒಂದು ಅಚ್ಚಿನ ತಪ್ಪು ಅಂದುಕೊಂಡು ಮೂರು ದಿನ ಒದ್ದಾಡಿದೆ. ಮೂರೂ ಸರಿ. ಯಾಕೆ ಅನ್ನುವುದು ಈಗಷ್ಟೇ ತಲೆಗೆ ಹೋಗಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಹಿನ್ನೆಲೆ ನಿಮಗೆ ಗೊತ್ತಿರುತ್ತದೆ. ಯುರೋಪಿನ ಹಳೇ ಕ್ಯಾಲೆಂಡರ್ ಆದ ಜೂಲಿಯನ್ ಕ್ಯಾಲೆಂಡರಿನಲ್ಲಿ ವರ್ಷ ನಿಜವಾದ ಸೌರ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಅದನ್ನು ಸರಿಮಾಡಲು 1582ರಲ್ಲಿ ಪೋಪ್ ಹದಿಮೂರನೇ ಗ್ರೆಗೊರಿ 10 ದಿನ ತೆಗೆಸಿ ಹೊಸ ಗ್ರೆಗೊರಿಯನ್ ಕ್ಯಾಲೆಂಡರ್ ತಂದರು. ಅಕ್ಟೋಬರ್ 4 ಆದ ಮೇಲೆ ನೇರ ಅಕ್ಟೋಬರ್ 15. ಬ್ರಿಟನ್ ಒಪ್ಪಿದ್ದು 1752ರಲ್ಲಿ. ಅಷ್ಟರಲ್ಲಿ ತೆಗೆಯಬೇಕಾದ ದಿನ 11 ಆಗಿತ್ತು. ಸೆಪ್ಟೆಂಬರ್ 2 ಬುಧವಾರ, ಮರುದಿನ ಸೆಪ್ಟೆಂಬರ್ 14 ಗುರುವಾರ. ವಾರ ತಪ್ಪಲಿಲ್ಲ, ತಾರೀಖು ಮಾತ್ರ ಹಾರಿತು.

ಕೂಡಬೇಕೋ, ಕಳೆಯಬೇಕೋ?

ನಾನು ಎಡವಿದ್ದು ಇಲ್ಲೇ. ‘11 ದಿನ ತೆಗೆದರು’ ಅಂತ ಓದಿದ ಕೂಡಲೇ ಕೈ ತಾನಾಗಿ ಕಳೆಯಲು ಹೋಗುತ್ತದೆ. 25ರಲ್ಲಿ 11 ಕಳೆದರೆ ಡಿಸೆಂಬರ್ 14. ಆದರೆ ಯಾರೂ ಡಿಸೆಂಬರ್ 14ರಂದು ಹಳೇ ಕ್ರಿಸ್‌ಮಸ್ ಮಾಡಿದವರಿಲ್ಲ.

ಗಡಿಯಾರದಲ್ಲಿ ಯೋಚಿಸಿ. ನಿಮ್ಮ ಕೈಗಡಿಯಾರ 11 ನಿಮಿಷ ಹಿಂದಿದೆ. ಸ್ಟೇಷನ್ ಗಡಿಯಾರ ಸರಿಯಾಗಿದೆ. ನಿಮ್ಮ ಕೈಯಲ್ಲಿ 12 ಗಂಟೆ ಆಗುವಾಗ ಸ್ಟೇಷನ್ನಿನಲ್ಲಿ ಆಗಲೇ 12 ಗಂಟೆ 11 ನಿಮಿಷ. ಹಳೇ ಕ್ಯಾಲೆಂಡರ್ ಇಟ್ಟುಕೊಂಡವರು ಆ ಕೈಗಡಿಯಾರದವರು. ಅವರ ಡಿಸೆಂಬರ್ 25 ಬರುವ ಹೊತ್ತಿಗೆ ಊರೆಲ್ಲ 11 ದಿನ ಮುಂದೆ ಹೋಗಿರುತ್ತದೆ. ಹಾಗಾಗಿ ಕೂಡಬೇಕು. 25 ಮತ್ತು 11 ಸೇರಿ 36. ಡಿಸೆಂಬರಿನ 31 ತೆಗೆದರೆ ಜನವರಿ 5.

ಆಮೇಲೆ 12, 13 ಎಲ್ಲಿಂದ ಬಂತು? 1800 ಹಳೇ ಲೆಕ್ಕದಲ್ಲಿ ಅಧಿಕ ವರ್ಷ, ಹೊಸ ಲೆಕ್ಕದಲ್ಲಿ ಅಲ್ಲ. ಹಳೇ ಕ್ಯಾಲೆಂಡರಿಗೆ ಒಂದು ಫೆಬ್ರವರಿ 29 ಜಾಸ್ತಿ ಸಿಕ್ಕಿತು, ಅದು ಇನ್ನೊಂದು ದಿನ ಹಿಂದೆ ಬಿತ್ತು. ಅಂತರ 12. 1900ರಲ್ಲೂ ಅದೇ ಕಥೆ, ಅಂತರ 13. 10 ಇದ್ದದ್ದು 11 ಆಗಿದ್ದೂ 1700ರಲ್ಲಿ ಹೀಗೆಯೇ. 2000 ಎರಡರಲ್ಲೂ ಅಧಿಕ ವರ್ಷವಾದ್ದರಿಂದ ಏನೂ ಬದಲಾಗಲಿಲ್ಲ.

ಅಂದರೆ ಹಳೇ ಕ್ರಿಸ್‌ಮಸ್ 1753ರಿಂದ 1800ರವರೆಗೆ ಜನವರಿ 5, 1801ರಿಂದ 1900ರವರೆಗೆ ಜನವರಿ 6, 1901ರಿಂದ ಜನವರಿ 7. ಮೂರು ತಾರೀಖು, ಹಬ್ಬ ಒಂದೇ.

ಇದೇ 1900 ನಮ್ಮ ಸಂಕ್ರಾಂತಿಯನ್ನೂ ಒಂದು ದಿನ ತಳ್ಳಿದೆ. ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನ. ಈಗ ಸಂಕ್ರಾಂತಿ 14 ಅಥವಾ 15ಕ್ಕೆ. ನಮ್ಮ ಪಂಚಾಂಗದ ಸೌರ ವರ್ಷ 365 ದಿನ 6 ಗಂಟೆಗಿಂತ ಸ್ವಲ್ಪ ಜಾಸ್ತಿ, ಅದಕ್ಕೇ ಅದು ಗ್ರೆಗೊರಿಯನ್ ತಾರೀಖಿನ ಮೇಲೆ ಜಾರುತ್ತಾ ಹೋಗುತ್ತದೆ. ಇದನ್ನು ನೋಡಿದ ಮೇಲೇ ನನಗೆ ಲೆಕ್ಕ ಗಟ್ಟಿಯಾಗಿದ್ದು.

ಸಾಕ್ಷಿ ಹೇಳಿದ ಮುಳ್ಳಿನ ಗಿಡ

ಕಾಯ್ದೆ ಬಂದ ಕೂಡಲೇ ಜನ ಒಪ್ಪಿದರಾ? ‘ನಮ್ಮ 11 ದಿನ ಕೊಡಿ’ ಅಂತ ಇಂಗ್ಲೆಂಡಿನಲ್ಲಿ ದಂಗೆಯಾಯಿತು ಎಂದು ತುಂಬಾ ಕಡೆ ಬರೆದಿರುತ್ತಾರೆ. ದಂಗೆಗೆ ಪುರಾವೆ ಇಲ್ಲ. ಇಂಗ್ಲಿಷ್ ಚಿತ್ರಕಾರ ಹೋಗಾರ್ತ್‌ನ ಚುನಾವಣೆಯ ಚಿತ್ರವೊಂದರಲ್ಲಿ ಆ ಘೋಷಣೆಯ ಫಲಕವಿದೆ, ಕಥೆ ಅಲ್ಲಿಂದ ಬೆಳೆಯಿತು. ಹಾಗಾಗಿ ದಂಗೆಯಾಯಿತು ಅಂತ ಬರೆಯಬೇಡಿ.

ನಿಜವಾಗಿ ನಡೆದದ್ದು ಇದಕ್ಕಿಂತ ಚೆನ್ನಾಗಿದೆ. ಗ್ಲಾಸ್ಟನ್‌ಬರಿಯಲ್ಲಿ ಒಂದು ಮುಳ್ಳಿನ ಗಿಡ ಕ್ರಿಸ್‌ಮಸ್ ಹೊತ್ತಿಗೆ ಹೂ ಬಿಡುತ್ತದೆ ಎಂಬ ನಂಬಿಕೆ ಇತ್ತು. ಬಕಿಂಗ್‌ಹ್ಯಾಮ್‌ಶೈರಿನ ಕ್ವೇಂಟನ್‌ನಲ್ಲಿ ಅದರ ಸಸಿ ಎಂದು ಜನ ನಂಬಿದ್ದ ಒಂದು ಗಿಡವಿತ್ತು. 1752ರ ಡಿಸೆಂಬರ್ 24ರ ರಾತ್ರಿ, ಹೊಸ ಲೆಕ್ಕದ ಮೊದಲ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ, ಎರಡು ಸಾವಿರಕ್ಕೂ ಹೆಚ್ಚು ಜನ ಲಾಟೀನು, ಮೇಣದಬತ್ತಿ ಹಿಡಿದು ಅಲ್ಲಿಗೆ ಬಂದರು ಎಂದು ಆಗಿನ ಪತ್ರಿಕೆ ವರದಿ ಮಾಡಿದೆ. ಗಿಡ ಹೂ ಬಿಡಲಿಲ್ಲ. ಹಾಗಾದರೆ ಇದು ಕ್ರಿಸ್‌ಮಸ್ ಅಲ್ಲ ಅಂತ ಜನ ತೀರ್ಮಾನ ಮಾಡಿಬಿಟ್ಟರು. ಹಳೇ ದಿನವನ್ನೂ ಮೊದಲಿನಂತೆ ಆಚರಿಸುತ್ತೇವೆ ಎಂದು ಸುತ್ತಲಿನ ಪಾದ್ರಿಗಳು ಹೇಳಬೇಕಾಯಿತು. ಗ್ಲಾಸ್ಟನ್‌ಬರಿಯ ಗಿಡ ಜನವರಿ 5ಕ್ಕೆ ಹೂ ಬಿಟ್ಟಿತು ಎಂಬ ವರದಿಯೂ ಬಂತು.

ಕೊರೆಯುವ ಚಳಿಯಲ್ಲಿ ಲಾಟೀನು ಎತ್ತಿ ಮೊಗ್ಗು ಹುಡುಕುತ್ತಿದ್ದ ಆ ಜನರನ್ನು ನಾನು ಮೂಢರು ಅನ್ನಲಾರೆ. ಹಬ್ಬದ ದಿನ ಯಾವುದು ಅಂತ ಪಾರ್ಲಿಮೆಂಟು ಹೇಳಿದರೆ ಸಾಲದು, ಗಿಡವೂ ಒಪ್ಪಬೇಕು ಅನ್ನುವುದು ಅವರ ಲೆಕ್ಕ. ಅಮೆರಿಕದ ಅಪಲೇಚಿಯನ್ ಬೆಟ್ಟಗಳಿಗೆ ಹೋಗಿ ನೆಲೆಸಿದವರ ನಡುವೆಯೂ ಹಳೇ ಕ್ರಿಸ್‌ಮಸ್ಸಿನ ನಡುರಾತ್ರಿ ಕೊಟ್ಟಿಗೆಯ ದನ ಮಂಡಿಯೂರುತ್ತವೆ ಎಂಬ ನಂಬಿಕೆ ಉಳಿದಿತ್ತು.

ಎಪಿಫನಿ ಜೊತೆ ಕಲಸಬೇಡಿ

ಎಪಿಫನಿ ಜನವರಿ 6. ಪಶ್ಚಿಮದವರಿಗೆ ಮೂಡಣ ದೇಶದ ಜೋಯಿಸರು ಮಗು ಯೇಸುವನ್ನು ನೋಡಲು ಬಂದ ದಿನ, ಪೂರ್ವದ ಸಭೆಗಳಿಗೆ ಯೇಸುವಿನ ದೀಕ್ಷಾಸ್ನಾನದ ದಿನ. ಕ್ರಿಸ್‌ಮಸ್‌ನಿಂದ ಎಪಿಫನಿಗೆ 12 ದಿನ. 1800ರ ನಂತರ ಎರಡು ಕ್ಯಾಲೆಂಡರುಗಳ ಅಂತರವೂ 12. ಹಾಗಾಗಿ ಆ ನೂರು ವರ್ಷ ಹಳೇ ಕ್ರಿಸ್‌ಮಸ್ ಸರಿಯಾಗಿ ಎಪಿಫನಿಯ ಮೇಲೆ ಬಂದು ಕೂತಿತು. ಇದು ಬರೀ ಕಾಕತಾಳೀಯ.

ಅರ್ಮೇನಿಯನ್ನರು ಕ್ರಿಸ್‌ಮಸ್ಸನ್ನು ಜನವರಿ 6ಕ್ಕೇ ಮಾಡುತ್ತಾರೆ, ಆದರೆ ಕಾರಣ ಬೇರೆ. ಅವರು ಜನನ ಮತ್ತು ದೀಕ್ಷಾಸ್ನಾನ ಎರಡನ್ನೂ ಒಂದೇ ದಿನ ಆಚರಿಸುವ ಹಳೆಯ ಪದ್ಧತಿ ಬಿಟ್ಟಿಲ್ಲ. ಕ್ಯಾಲೆಂಡರ್ ಬದಲಾವಣೆಗೂ ಇದಕ್ಕೂ ಸಂಬಂಧವಿಲ್ಲ. ಜೆರುಸಲೇಮಿನ ಅರ್ಮೇನಿಯನ್ನರು ಮಾತ್ರ ಜೂಲಿಯನ್ ಕ್ಯಾಲೆಂಡರನ್ನೂ ಉಳಿಸಿಕೊಂಡಿದ್ದಾರೆ. 6ಕ್ಕೆ 13 ಕೂಡಿ, ಜನವರಿ 19. ಅದಕ್ಕೇ ಬೆತ್ಲೆಹೇಮಿನಲ್ಲಿ ಕ್ರಿಸ್‌ಮಸ್ ಮೂರು ಸಲ: ಡಿಸೆಂಬರ್ 25, ಜನವರಿ 7, ಜನವರಿ 19. ರಷ್ಯಾದಲ್ಲಿ ಜನ ಮಂಜುಗಡ್ಡೆ ಕೊರೆದು ಮುಳುಗು ಹಾಕುವ ಎಪಿಫನಿಯೂ ಜನವರಿ 19ಕ್ಕೇ, ಇಥಿಯೋಪಿಯದ ತಿಮ್ಕತ್ ಕೂಡ ಸಾಮಾನ್ಯವಾಗಿ ಅದೇ ದಿನ. ಉಕ್ರೇನ್ 2023ರಲ್ಲಿ ಕ್ರಿಸ್‌ಮಸ್ಸನ್ನು ಡಿಸೆಂಬರ್ 25ಕ್ಕೆ ತಂದಿತು.

ನನಗೆ ತುಂಬಾ ಇಷ್ಟವಾದ ಉಪಾಯ

ಯಾವುದಾದರೂ ಊರಿನ ‘ಹಳೇ’ ಹಬ್ಬದ ತಾರೀಖು ಸಿಕ್ಕರೆ, ಅದರಿಂದ ಮೂಲ ತಾರೀಖು ಕಳೆಯಿರಿ. ಆ ಊರು ಲೆಕ್ಕ ಎಲ್ಲಿ ನಿಲ್ಲಿಸಿತು ಅಂತ ಗೊತ್ತಾಗುತ್ತದೆ.

ಸ್ಕಾಟ್ಲೆಂಡಿನ ಬರ್ಗ್‌ಹೆಡ್‌ನಲ್ಲಿ ಜನವರಿ 11ರ ರಾತ್ರಿ ಟಾರು ತುಂಬಿದ ಪೀಪಾಯಿಗೆ ಬೆಂಕಿ ಹಚ್ಚಿ ಹೊತ್ತುಕೊಂಡು ಊರು ಸುತ್ತುತ್ತಾರೆ. ಇದು ಹಳೇ ಡಿಸೆಂಬರ್ 31. ಅಂತರ 11, ಅಂದರೆ 1800ರಲ್ಲಿ ಅವರು ಒಂದು ದಿನ ಸೇರಿಸಲೇ ಇಲ್ಲ. ವೇಲ್ಸ್‌ನ ಗ್ವಾಯ್ನ್ ಕಣಿವೆಯಲ್ಲಿ ಹಳೇ ಹೊಸವರ್ಷ ಜನವರಿ 13. ಅಂತರ 12, 1900ರಲ್ಲಿ ಸೇರಿಸಲಿಲ್ಲ. ಶೆಟ್‌ಲ್ಯಾಂಡಿನ ಫೌಲಾ ದ್ವೀಪದಲ್ಲೂ ಹಾಗೆಯೇ, ಕ್ರಿಸ್‌ಮಸ್ ಜನವರಿ 6, ಹೊಸವರ್ಷ 13.

ಉಪಾಯ ಕೈಕೊಡುವ ಜಾಗವೂ ಇದೆ. ಸಾಮರ್‌ಸೆಟ್‌ನ ಕಾರ್‌ಹ್ಯಾಂಪ್ಟನ್‌ನಲ್ಲಿ ಜನವರಿ 17ಕ್ಕೆ, ಹಳೇ ‘ಹನ್ನೆರಡನೇ ರಾತ್ರಿ’ಯ (ಕ್ರಿಸ್‌ಮಸ್ಸಿನ ಹನ್ನೆರಡು ದಿನ ಮುಗಿಯುವ ರಾತ್ರಿ) ಲೆಕ್ಕದಲ್ಲಿ, ಸೇಬಿನ ಮರಕ್ಕೆ ಹಾಡಿ, ಬೇರಿಗೆ ಸೈಡರ್ (ಸೇಬಿನ ಮದ್ಯ) ಸುರಿದು, ಬಂದೂಕು ಹಾರಿಸುತ್ತಾರೆ. ಹನ್ನೆರಡನೇ ರಾತ್ರಿ ಜನವರಿ 6 ಅಂದುಕೊಂಡರೆ ಅಂತರ 11. ಜನವರಿ 5ರ ರಾತ್ರಿ ಅಂದುಕೊಂಡರೆ 12. ಮೂಲ ತಾರೀಖು ಖಚಿತವಾಗದೆ ಕಳೆಯಲು ಕೂರಬೇಡಿ.

ಅಭ್ಯಾಸಕ್ಕೆ ಒಂದು ಪ್ರಶ್ನೆ. 2100 ಹೊಸ ಲೆಕ್ಕದಲ್ಲಿ ಅಧಿಕ ವರ್ಷ ಅಲ್ಲ. ಆಮೇಲಿನ ಮೊದಲ ಹಳೇ ಕ್ರಿಸ್‌ಮಸ್ ಯಾವತ್ತು? 25ಕ್ಕೆ 14 ಕೂಡಿ 31 ಕಳೆಯಿರಿ. ಕ್ಯಾಲೆಂಡರ್ ಬದಲಿಸದೇ ಇದ್ದರೆ ರಷ್ಯಾದವರ ಹಬ್ಬ 2101ರಿಂದ ಜನವರಿ 8ಕ್ಕೆ ಹೋಗುತ್ತದೆ. ಫೌಲಾದವರು ಇವತ್ತಿನ ಪದ್ಧತಿಯನ್ನೇ ಉಳಿಸಿಕೊಂಡರೆ ಅವರದು 6ಕ್ಕೇ.